ಬಮ್ಮನಿಂದ ಭರಮಪ್ಪನವರೆಗೆ: ಹೆಸರಿಡುವ ಬಗೆ, ಹೆಸರನ್ನು ಓದುವ ಬಗೆ

ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನಲ್ಲಿ ಬಮ್ಮಿಗಟ್ಟಿ ಎಂಬ ಗ್ರಾಮವಿದೆ. ಮನೆಯನ್ನು ಮನಿ, ಕೆರೆಯನ್ನು ಕೆರಿ ಎನ್ನುವ ಈ ಸೀಮೆಯ ಮಾತಿನಲ್ಲಿ ಕಟ್ಟೆಯು ಕಟ್ಟಿಯಾಗುತ್ತದೆ. ಸಮಾಸದಲ್ಲಿ ಕಕಾರಕ್ಕೆ ಗಕಾರ ಬಂದು ಗಟ್ಟಿಯಾಗುತ್ತದೆ. ಉತ್ತರಪದದ ಬಗೆಗೆ ಹೆಚ್ಚಿನ ತೊಡಕಿಲ್ಲ. ಪೂರ್ವಪದವಾದ ‘ಬಮ್ಮಿ’ಯಲ್ಲಿ ಒಬ್ಬ ವ್ಯಕ್ತಿಯ ಹೆಸರು ಉಳಿದಿದೆಯೆಂದು ಬಗೆಯಲು ಅವಕಾಶವುಂಟು. ಬ್ರಹ್ಮ ಶಬ್ದದ ತದ್ಭವವೇ ಬಮ್ಮ, ಬೊಮ್ಮ. ಒಂದು ಕಾಲಕ್ಕೆ ಕನ್ನಡ ನಾಡಿನ ತೊಟ್ಟಿಲುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿಬರುತ್ತಿದ್ದ ಹೆಸರುಗಳ ಸಾಲಿನಲ್ಲಿ ಇದೂ ಒಂದು. ಈ ಹೆಸರಿನ ಬೆನ್ನು ಹತ್ತಿದರೆ ನಮ್ಮ ಹಿರಿಯರು ಮಕ್ಕಳಿಗೆ ಹೇಗೆ ಹೆಸರಿಡುತ್ತಿದ್ದರೆಂಬುದಷ್ಟೇ ಅಲ್ಲ, ಆ ಹೆಸರುಗಳನ್ನು ಇಂದಿನ ಸಂಶೋಧಕರು ಎಷ್ಟು ಅವಸರದಿಂದ ಓದುತ್ತಿದ್ದಾರೆಂಬುದೂ ಕಾಣಸಿಗುತ್ತದೆ.

ಬಮ್ಮ ಯಾರ ಹೆಸರು? 1184ರ ಸುಮಾರಿಗೆ ಕಳಚುರಿಗಳಿಂದ ಅಧಿಕಾರವನ್ನು ಮರಳಿ ಪಡೆಯಲು ಚಾಲುಕ್ಯ ನಾಲ್ಕನೆಯ ಸೋಮೇಶ್ವರನಿಗೆ ನೆರವಾದ ಸೇನಾನಿಯ ಹೆಸರು ಬ್ರಹ್ಮ ಅಥವಾ ಬೊಮ್ಮ. ಆ ಅರಸನಿಗೆ ಕೆಲಕಾಲ ರಾಜಧಾನಿಯಾಗಿದ್ದುದು ಇದೇ ಜಿಲ್ಲೆಯ ಅಣ್ಣಿಗೇರಿ. ಬಸವಣ್ಣನವರ ಸಮಕಾಲೀನ ಶರಣರಲ್ಲಿ ಅಕ್ಕಸಾಲಿಗ ಮೂಲದ ಕಿನ್ನರಿ ಬೊಮ್ಮಯ್ಯನಿದ್ದಾನೆ. ಹೊಯ್ಸಳ ವಿಷ್ಣುವರ್ಧನನ ರಾಣಿಯರಲ್ಲೊಬ್ಬಳು ಬಮ್ಮಲದೇವಿ. ಹದಿನೈದನೆಯ ಶತಮಾನದಲ್ಲಿ ಬೊಮ್ಮರಸನೆಂಬ ಹೆಸರಿನ ಇಬ್ಬರು ಕವಿಗಳು ಕಾಣುತ್ತಾರೆ. ‘ಸೌಂದರಪುರಾಣ’ವನ್ನು ಬರೆದವನು ವೀರಶೈವ, ‘ಸನತ್ಕುಮಾರ ಚರಿತೆ’ಯನ್ನು ಬರೆದ ತೆರಕಣಾಂಬಿಯ ಬೊಮ್ಮರಸ ಜೈನ. ಹೆಸರೊಂದೇ, ಶತಮಾನವೂ ಒಂದೇ. ಕಾವ್ಯದಲ್ಲಿ ನೆನೆದ ದೈವ ಮಾತ್ರ ಬೇರೆ. ಹೆಸರನ್ನಷ್ಟೇ ಕೈಯಲ್ಲಿ ಹಿಡಿದುಕೊಂಡು ಈ ಇಬ್ಬರ ಮತವನ್ನು ನಿರ್ಣಯಿಸಲು ಹೊರಟವನು ಕೊನೆಗೆ ನಾಣ್ಯ ಚಿಮ್ಮಬೇಕಾಗುತ್ತದೆ.

ಬ್ರಹ್ಮನೆಂದೊಡನೆ ಚತುರ್ಮುಖನನ್ನು ನೆನೆಯುವುದು ಸಹಜ. ಆದರೆ ಜೈನ ಮನೆತನದ ಬಮ್ಮನಿಗೆ ಹತ್ತಿರವಾಗಿದ್ದ ಬ್ರಹ್ಮ ಬೇರೆಯೇ ಇದ್ದಾನೆ. ಹತ್ತನೆಯ ತೀರ್ಥಂಕರ ಶೀತಲನಾಥನ ಯಕ್ಷನ ಹೆಸರು ಬ್ರಹ್ಮ. ಬಸದಿಗಳ ಮುಂದೆ ಎತ್ತರದ ಕಂಬದ ಮೇಲೆ ಕುಳಿತು ಊರನ್ನು ಕಾಯುವವನೂ ಬ್ರಹ್ಮದೇವನೇ. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬ, ತ್ಯಾಗದ ಬ್ರಹ್ಮದೇವರ ಕಂಬಗಳು ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಲಕ್ಕುಂಡಿಯ ಬಸದಿಯು ಬ್ರಹ್ಮಜಿನಾಲಯವೆಂದೇ ಪ್ರಸಿದ್ಧವಾಗಿದೆ. ಅಲ್ಲಿ ನಾಲ್ಕು ಮುಖದ ಬ್ರಹ್ಮನ ವಿಗ್ರಹವೂ ಇದೆ. ಒಂದೇ ಓಣಿಯ ಎರಡು ಮನೆಗಳಲ್ಲಿ ಇಬ್ಬರು ಕೂಸುಗಳಿಗೆ ಬಮ್ಮನೆಂದು ಹೆಸರಿಟ್ಟಾಗ ಇಬ್ಬರು ತಾಯಂದಿರೂ ಒಬ್ಬನೇ ದೇವರನ್ನು ನೆನೆದಿದ್ದರೆಂದು ಹೇಳಲಾಗದು. ನಿಘಂಟಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ.

‘ಬಮ್ಮಿ’ಯ ಬಗೆಗೆ ಇನ್ನೊಂದು ಆಕರ್ಷಕ ಸಾಧ್ಯತೆಯೂ ಉಂಟು. ಆದಿನಾಥನ ಇಬ್ಬರು ಹೆಣ್ಣುಮಕ್ಕಳು ಬ್ರಾಹ್ಮಿ ಮತ್ತು ಸುಂದರಿ. ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಿಯನ್ನೂ ತಂದೆಯೇ ಕಲಿಸಿದನೆಂಬುದು ಜೈನ ಪುರಾಣಗಳ ಮಾತು. ಬ್ರಾಹ್ಮಿಯು ಪ್ರಾಕೃತದಲ್ಲಿ ಬಂಭಿಯಾಗುತ್ತದೆ. ಕನ್ನಡದಲ್ಲಿ ಬಮ್ಮಿಯಾಗುವುದಕ್ಕೆ ಧ್ವನಿನಿಯಮದ ಅಡ್ಡಿಯಿಲ್ಲ. ಹಾಗೆಂದು ಬಮ್ಮಿಗಟ್ಟಿಯನ್ನು ಅಕ್ಷರದೇವಿಯ ಊರೆಂದು ಸಾರಿಬಿಡುವುದು ಸ್ಥಳನಾಮ ಸಂಶೋಧನೆಯಲ್ಲಿ ಪದೇ ಪದೇ ನಡೆಯುವ ಆತುರ. ಪಂಪನ ತಮ್ಮ ಜಿನವಲ್ಲಭನ ಶಾಸನ ಇರುವ ಬೆಟ್ಟಕ್ಕೆ ತೆಲಂಗಾಣದಲ್ಲಿ ಬೊಮ್ಮಲಗುಟ್ಟ ಎನ್ನುತ್ತಾರೆ. ಅಲ್ಲಿಯ ‘ಬೊಮ್ಮ’ ಬ್ರಹ್ಮನಲ್ಲ. ತೆಲುಗಿನಲ್ಲಿ ಬೊಮ್ಮ ಎಂದರೆ ವಿಗ್ರಹ, ಗೊಂಬೆ. ಬಂಡೆಯಲ್ಲಿ ಕಡೆದ ಮೂರ್ತಿಗಳಿಂದ ಬೆಟ್ಟಕ್ಕೆ ಆ ಹೆಸರು ಬಂದಿದೆ. ಕಿವಿಗೆ ಒಂದೇ ಆಗಿ ಕೇಳುವ ಶಬ್ದಗಳೆಲ್ಲ ಒಂದೇ ಬಸಿರಿನವಲ್ಲ.

ಹೆಸರಿಡುವ ವಿಧಿಯನ್ನು ಜೈನ ಶಾಸ್ತ್ರಕಾರರು ಬರೆದಿಟ್ಟಿದ್ದಾರೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜಿನಸೇನಾಚಾರ್ಯರು ಸಂಸ್ಕೃತ ‘ಆದಿಪುರಾಣ’ದ ಮೂವತ್ತೆಂಟನೆಯ ಪರ್ವದಲ್ಲಿ 53 ಗರ್ಭಾನ್ವಯ ಕ್ರಿಯೆಗಳನ್ನು ವಿವರಿಸುತ್ತಾರೆ. ನಾಮಕರ್ಮವು ಅವುಗಳಲ್ಲಿ ಏಳನೆಯದು. ಹುಟ್ಟಿದ ದಿನದಿಂದ ಹನ್ನೆರಡು ದಿನ ಕಳೆದ ಮೇಲೆ, ಮಗುವಿಗೆ ಅನುಕೂಲವಾದ ದಿನ ನೋಡಿ, ಹೆಸರಿಡಬೇಕು. ಹೆಸರನ್ನು ಆರಿಸುವುದಕ್ಕೆ ಅವರು ಹೇಳುವ ಉಪಾಯ ಕುತೂಹಲಕರವಾಗಿದೆ: ಜಿನೇಂದ್ರನ 1008 ನಾಮಗಳನ್ನು ಪತ್ರಗಳ ಮೇಲೆ ಬರೆದು ಕೊಡದಲ್ಲಿ ಹಾಕಿ, ಕೈಗೆ ಬಂದ ಒಂದನ್ನು ಮಗುವಿನದಾಗಿಸಬೇಕು. ಇದಕ್ಕೆ ಘಟಪತ್ರವಿಧಿಯೆಂದು ಹೆಸರು. ಅಪ್ಪನ ಆಸೆ, ಅಜ್ಜಿಯ ಹಟ, ನೆಂಟರ ಸಲಹೆ ಯಾವುದಕ್ಕೂ ಎಡೆಯಿಲ್ಲದ ಸೊಗಸಾದ ವ್ಯವಸ್ಥೆ! ಆಚಾರ್ಯರು ಅದೇ ಗ್ರಂಥದ ಇಪ್ಪತ್ತೈದನೆಯ ಪರ್ವದಲ್ಲಿ ಆ ಸಹಸ್ರನಾಮವನ್ನೂ ಹೊಂದಿಸಿಕೊಟ್ಟಿದ್ದಾರೆ.

ಆದರೆ ಶಾಸನಗಳ ಬಳಿಗೆ ಬಂದರೆ ಕೊಡದಿಂದ ಎದ್ದುಬಂದ ಹೆಸರುಗಳು ವಿರಳ. ಏಚ, ಬೂಚ, ಮಾಚ, ಪೋಚ, ಬೊಪ್ಪ, ಚಟ್ಟ, ಕೇತ, ನಾಗ, ಕಾಳ: ಬಸದಿಗಳನ್ನು ಕಟ್ಟಿಸಿದ, ಸಲ್ಲೇಖನದಿಂದ ದೇಹ ಬಿಟ್ಟ, ಮುನಿಗಳಿಗೆ ಭೂಮಿ ಕೊಟ್ಟ ಶ್ರಾವಕರು ಇಂಥವರೇ. ಜಿನಸೇನರ ಶಿಷ್ಯ ಗುಣಭದ್ರರ ‘ಉತ್ತರಪುರಾಣ’ಕ್ಕೆ ನಂಟಿರುವ ಬಂಕಾಪುರದ ಹೆಸರಿನಲ್ಲಿಯೂ ಸಹಸ್ರನಾಮಕ್ಕೆ ಸೇರದ ಒಬ್ಬ ವೀರನೇ ಇದ್ದಾನೆ, ಆ ಪಟ್ಟಣ ಅಮೋಘವರ್ಷನ ಸೇನಾನಿ ಬಂಕೆಯನದು. ಶಾಸ್ತ್ರ ಒಂದು ಮಾತನ್ನು ಹೇಳುತ್ತಿದ್ದಾಗ ಮನೆಯ ಹೆಂಗಸರು ತೊಟ್ಟಿಲ ಬಳಿ ಇನ್ನೊಂದನ್ನು ಹೇಳುತ್ತಿದ್ದರು. ಇದನ್ನು ಶ್ರದ್ಧೆಯ ಕೊರತೆಯೆಂದು ತಿಳಿಯಬೇಕಾಗಿಲ್ಲ. ಹೆಸರು ಮೊದಲು ಮನೆಯದು, ಆಮೇಲೆ ಬಸದಿಯದು.

ಅಣ್ಣಿಗೇರಿಯ ಶಾಸನವೊಂದನ್ನು ಇಲ್ಲಿ ನೋಡಬಹುದು. ಬಾದಾಮಿ ಚಾಲುಕ್ಯರ ಕೊನೆಯ ಅರಸ ಎರಡನೆಯ ಕೀರ್ತಿವರ್ಮನ ಆರನೆಯ ಆಳ್ವಿಕೆಯ ವರ್ಷದ, ಎಂದರೆ ಎಂಟನೆಯ ಶತಮಾನದ ನಡುಗಾಲದ ಶಾಸನ ಅದು. ಜೇಬುಳಗೇರಿಯ ಗಾಮುಂಡನಾಗಿದ್ದ ಕಲಿಯಮ್ಮನು ‘ಚೇದಿಯ’ವನ್ನು, ಎಂದರೆ ಚೈತ್ಯವನ್ನು, ಕಟ್ಟಿಸಿದನೆಂದು ಅದು ತಿಳಿಸುತ್ತದೆ. ಹೊಸದಾಗಿ ಶಾಸನ ಓದಲು ತೊಡಗಿದ ವಿದ್ಯಾರ್ಥಿಗಳು ಈ ಕಲಿಯಮ್ಮನನ್ನು ಹೆಂಗಸೆಂದು ಭಾವಿಸುವುದುಂಟು. ಹಳಗನ್ನಡದಲ್ಲಿ ‘ಅಮ್ಮ’ ಎಂದರೆ ತಂದೆ, ಒಡೆಯ. ವೆಂಗಿಯ ಚಾಲುಕ್ಯರಲ್ಲಿ ಅಮ್ಮ ಎಂಬ ಹೆಸರಿನ ಇಬ್ಬರು ಅರಸರೇ ಆಗಿಹೋಗಿದ್ದಾರೆ. ತಾಯಿಗೆ ಸಲ್ಲುತ್ತಿದ್ದ ಮಾತು ‘ಅಬ್ಬೆ’. ಮುಂದೆ ಅಮ್ಮ ಎಂಬುದು ತಾಯಿಯ ಪಾಲಿಗೆ ಬಂದಿತು. ಅಬ್ಬೆ ಅವ್ವೆಯಾಗಿ, ಅವ್ವನಾಗಿ ಧಾರವಾಡದ ಹಳ್ಳಿಗಳಲ್ಲಿ ನಿಂತಿತು. ಹೆಸರಿನ ಕೊನೆಯ ಎರಡಕ್ಷರ ಗಂಡನ್ನು ಹೆಣ್ಣಾಗಿಸಿ ತೋರಿಸಬಲ್ಲುದಾದರೆ, ಹೆಸರಿನಿಂದ ಮತ, ಜಾತಿ, ಸೀಮೆಗಳನ್ನು ಊಹಿಸುವಾಗ ಎಷ್ಟು ಎಚ್ಚರ ಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಶಾಸನದಲ್ಲಿ ಕೊಂಡಿಶುಳರ ಕುಪ್ಪ ಎಂಬ ಇನ್ನೊಬ್ಬನಿದ್ದಾನೆ. ಕುಪ್ಪೆ ಎಂದರೆ ರಾಶಿ, ತಿಪ್ಪೆ. ತಿಪ್ಪಣ್ಣ, ತಿಪ್ಪವ್ವ ಎಂಬ ಇಂದಿನ ಹೆಸರುಗಳನ್ನು ಬಲ್ಲವರಿಗೆ ಕುಪ್ಪನ ಹೆಸರು ಹೊಸದಾಗಿ ತೋರದು. ಹುಟ್ಟಿದ ಮಕ್ಕಳು ಒಂದರ ಮೇಲೊಂದು ತೀರಿಕೊಂಡ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ, ಕಸದಿಂದ ಎತ್ತಿಕೊಂಡೆವೆಂದು ಸಾರಿ, ತಿಪ್ಪನೆಂದು ಕರೆಯುತ್ತಿದ್ದರು. ಸಾವಿನ ಕಣ್ಣಿಗೆ ಅದು ಬೇಡವಾದದ್ದಾಗಿ ಕಾಣಲೆಂದು. ಕಲ್ಲಪ್ಪ, ಗುಂಡಪ್ಪರು ಕಲ್ಲಿನಂತೆ ಉಳಿಯಲೆಂದು. ಹುಚ್ಚಪ್ಪ, ಅಡವೆಪ್ಪರ ಹಿಂದೆಯೂ ಹರಕೆ, ಅಂಜಿಕೆಗಳು ಇರುತ್ತಿದ್ದವು. ನಿಘಂಟನ್ನು ತೆರೆದವನಿಗೆ ತಿಪ್ಪಣ್ಣ ಎಂದರೆ ಕಸದ ಅಣ್ಣ. ಹೆತ್ತವಳಿಗೆ ಆತ ಉಳಿದ ಮಗ. ಇವೇ ಹೆಸರುಗಳ ನಡುವೆ ಸಾಕವ್ವ, ಬೇಡವ್ವ ಎಂಬುವೂ ಇವೆ. ಒಂದರ ಹಿಂದೊಂದು ಹೆಣ್ಣು ಹುಟ್ಟಿದಾಗ ಕೊನೆಯದಕ್ಕೆ ಇಟ್ಟವು ಅವು. ಗಂಡಿಗೆ ಇಟ್ಟ ಹೀನ ಹೆಸರು ಉಳಿಸಿಕೊಳ್ಳುವ ಉಪಾಯ. ಹೆಣ್ಣಿಗೆ ಇಟ್ಟದ್ದು ಇನ್ನು ಬಾರದಿರಲೆಂಬ ಬೇಡಿಕೆ. ಹೆಸರುಗಳ ಅರ್ಥವನ್ನು ಕೊಂಡಾಡುವ ಬರಹಗಳು ಈ ಎರಡನ್ನೂ ‘ಜನಪದ ನಾಮಗಳು’ ಎಂಬ ಒಂದೇ ಬುಟ್ಟಿಗೆ ಹಾಕಿ ಮುಂದೆ ಸಾಗುವುದು ಸರಿಯಲ್ಲ.

ಹೆಸರು ಮತವನ್ನು ಎಂದೂ ಸೂಚಿಸದೆಂದು ಇದರ ಅರ್ಥವಲ್ಲ. ಪಂಪನ ಮನೆತನವೇ ಇದಕ್ಕೆ ಸಾಕ್ಷಿ. ಹಿರಿಯರಲ್ಲೊಬ್ಬ ಮಾಧವ ಸೋಮಯಾಜಿ; ಯಜ್ಞ ಮಾಡಿದವನೆಂಬುದನ್ನು ಹೆಸರೇ ಹೇಳುತ್ತದೆ. ತಂದೆ ಭೀಮಪಯ್ಯ ಜಿನಧರ್ಮವನ್ನು ಒಪ್ಪಿಕೊಂಡ. ಅವನ ಕಿರಿಯ ಮಗನ ಹೆಸರು ಜಿನವಲ್ಲಭ. ಸೋಮಯಾಜಿಯಿಂದ ಜಿನವಲ್ಲಭನವರೆಗಿನ ಕೆಲವೇ ತಲೆಮಾರುಗಳಲ್ಲಿ ಒಂದು ಕುಟುಂಬದ ಧಾರ್ಮಿಕ ಪಯಣವು ಹೆಸರುಗಳಲ್ಲಿಯೇ ದಾಖಲಾಗಿದೆ. ಆದರೆ ಅದೇ ಮನೆಯ ಹಿರಿಯ ಮಗ ಪಂಪ. ಆ ಹೆಸರಿನಲ್ಲಿ ಜಿನನ ಸುಳಿವಿಲ್ಲ. ತಾಯಿ ಅಬ್ಬಣಬ್ಬೆ, ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಗನ ಮನೆತನದವಳು. ಆಕೆಯ ಹೆಸರಿನಲ್ಲಿ ಯಾಗವೂ ಇಲ್ಲ, ಜಿನನೂ ಇಲ್ಲ. ಇರುವುದು ಕನ್ನಡದ ‘ಅಬ್ಬೆ’ ಮಾತ್ರ. ‘ವಿಕ್ರಮಾರ್ಜುನ ವಿಜಯ’ದ ಕವಿಗೆ ತಿರುಳ್ಗನ್ನಡದ ನಂಟು ತಾಯಿಯ ಕಡೆಯಿಂದಲೂ ಬಂದಿರಬೇಕೆಂದು ಊಹಿಸುವುದಕ್ಕೆ ಈ ಹೆಸರೂ ಒಂದು ಪ್ರೇರಣೆ.

ಮುಧೋಳದ ಬಳೆಗಾರ ಮನೆತನಕ್ಕೆ ಬಂದರೆ ಚಿತ್ರ ಇನ್ನೂ ತುಂಬಿಕೊಳ್ಳುತ್ತದೆ. 949ರಲ್ಲಿ ಹುಟ್ಟಿದ ರನ್ನನ ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಅಣ್ಣತಮ್ಮಂದಿರು ದೃಢಬಾಹು, ರೇಚಣ, ಮಾರಯ್ಯ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನದು ಅಚ್ಚ ಸಂಸ್ಕೃತ, ಒಬ್ಬನದು ರತ್ನದ ತದ್ಭವ, ಉಳಿದವು ಮನೆಮಾತಿನವು. ರನ್ನನ ಇಬ್ಬರು ಹೆಂಡಿರಲ್ಲಿ ಜಕ್ಕಿಯು ಯಕ್ಷಿಯ ತದ್ಭವ; ಶಾಂತಿಯು ತೀರ್ಥಂಕರ ಶಾಂತಿನಾಥನನ್ನೂ ನೆನಪಿಸುವ ತತ್ಸಮ. ಕನ್ನಡ ವ್ಯಕ್ತಿನಾಮಗಳ ಪಾಠ ಮಾಡುವವರಿಗೆ ಈ ಒಂದು ಕುಟುಂಬವೇ ಸಾಕು.

ಅವನು ತನ್ನ ಮಕ್ಕಳಿಗೆ ಏನೆಂದು ಹೆಸರಿಟ್ಟ? ಮಗ ರಾಯ, ಮಗಳು ಅತ್ತಿಮಬ್ಬೆ. ಗಂಗರ ಮಂತ್ರಿ ಚಾವುಂಡರಾಯ ಅವನಿಗೆ ಮೊದಲ ಆಶ್ರಯ ಕೊಟ್ಟವನು. ದಾನಚಿಂತಾಮಣಿ ಅತ್ತಿಮಬ್ಬೆ 993ರಲ್ಲಿ ಮುಗಿದ ‘ಅಜಿತಪುರಾಣ’ವನ್ನು ಬರೆಯಿಸಿದವಳು. ಬದುಕಿದ್ದ ಇಬ್ಬರು ಪೋಷಕರ ಹೆಸರುಗಳನ್ನು ಕವಿ ತನ್ನ ತೊಟ್ಟಿಲಿಗೆ ತಂದುಕೊಂಡ. ಇದನ್ನು ಕೇವಲ ಕೃತಜ್ಞತೆಯೆಂದು ಓದಿದರೆ ಅರ್ಧ ಓದಿದಂತೆ. ಅತ್ತಿಮಬ್ಬೆ ಮಲ್ಲಪನ ಮಗಳು, ಸೇನಾನಿ ನಾಗದೇವನ ಹೆಂಡತಿ. ಗಂಡ ತೀರಿಕೊಂಡಾಗ ಅವನ ಇನ್ನೊಬ್ಬ ಹೆಂಡತಿಯಾಗಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಉಳಿದಳು, ಮಗನನ್ನು ಬೆಳೆಸಿದಳು, ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ಬಳೆಗಾರರ ಮನೆಯ ಹೆಣ್ಣುಕೂಸಿಗೆ ವಿಧವೆಯಾದ ಒಬ್ಬ ಹೆಂಗಸಿನ ಹೆಸರನ್ನು ಹಾರೈಕೆಯಾಗಿ ಇಡಲು ರನ್ನನಿಗೆ ಯಾವ ಅಳುಕೂ ಇರಲಿಲ್ಲ. ವಿಧವೆಯ ನೆರಳನ್ನೂ ಶುಭಕಾರ್ಯದಿಂದ ದೂರವಿಟ್ಟ ಮುಂದಿನ ಶತಮಾನಗಳ ನಡೆಯನ್ನು ಬಲ್ಲವರು ಈ ಹೆಸರಿನ ಮುಂದೆ ಒಂದು ಗಳಿಗೆ ನಿಲ್ಲಲೇಬೇಕು. ‘ಅತ್ತಿ’ಯ ವ್ಯುತ್ಪತ್ತಿ ಮರಕ್ಕೆ ಸಲ್ಲುತ್ತದೆಯೋ ಅತ್ತೆಗೆ ಸಲ್ಲುತ್ತದೆಯೋ ಎಂಬ ಚರ್ಚೆ ಪಂಡಿತರಿಗಿರಲಿ, ರನ್ನನಿಗೆ ಆ ಹೆಸರಿನ ಅರ್ಥ ಅತ್ತಿಮಬ್ಬೆಯೇ.

1007ರ ಲಕ್ಕುಂಡಿ ಶಾಸನ ಆಕೆಯನ್ನು ಅತ್ತಿಯಬ್ಬೆ ಎನ್ನುತ್ತದೆ, ಮಗನನ್ನು ಪಡೆವಳ ತೈಲ ಎನ್ನುತ್ತದೆ. ಚಾಲುಕ್ಯ ಸಾಮ್ರಾಜ್ಯವನ್ನು ಮರಳಿ ಕಟ್ಟಿದ ಚಕ್ರವರ್ತಿಯ ಹೆಸರೂ ತೈಲ. ಕವಿಯು ಪೋಷಕಿಯ ಹೆಸರನ್ನು ಎತ್ತಿಕೊಂಡಂತೆ ಸೇನಾನಿಯ ಮನೆ ಅರಸನ ಹೆಸರನ್ನು ಎತ್ತಿಕೊಂಡಿದೆ.

ಹೆಣ್ಣುಮಕ್ಕಳ ಹೆಸರುಗಳ ರಚನೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಗಂಡುಹೆಸರಿನ ಧಾತುವಿಗೆ ‘ಅಬ್ಬೆ’, ‘ಇಕಬ್ಬೆ’, ‘ಅಲೆ’, ‘ಇಯಕ್ಕ’ ಸೇರಿದರೆ ಹೆಣ್ಣುಹೆಸರು ಸಿದ್ಧ. ಬಮ್ಮನಿಂದ ಬಮ್ಮಲೆ; ಏಚನಿಂದ ಏಚಲೆ; ಮಾಚನಿಂದ ಮಾಚಿಕಬ್ಬೆ; ಪೋಚನಿಂದ ಪೋಚಿಕಬ್ಬೆ; ಜಕ್ಕನಿಂದ ಜಕ್ಕಲೆ, ಜಕ್ಕಿಯಬ್ಬೆ. ಹೊಯ್ಸಳ ದಂಡನಾಯಕ ಗಂಗರಾಜನ ತಾಯಿ ಪೋಚಿಕಬ್ಬೆ. ಹೆಂಡತಿ ಲಕ್ಷ್ಮೀಮತಿಯನ್ನು ಶಾಸನಗ ಲಕ್ಕಲೆಯೆಂದೂ ಕರೆಯುತ್ತಾನೆ. ಹತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಗಂಡ ಮಡಿದ ಮೇಲೆ ನಾಗರಖಂಡ ಎಪ್ಪತ್ತನ್ನು ಆಳಿ, ಬಂದಳಿಕೆಯಲ್ಲಿ ಸಲ್ಲೇಖನ ವ್ರತ ಹಿಡಿದವಳು ಜಕ್ಕಿಯಬ್ಬೆ. ಇವರೆಲ್ಲ ಜಿನಭಕ್ತೆಯರು, ಹೆಸರುಗಳು ಕನ್ನಡದವು. ಇದಕ್ಕೊಂದು ಕಾರಣ ಕಾಣುತ್ತದೆ. ಜಿನಸೇನರ ಕ್ರಿಯೆಗಳ ಸರಣಿ ಉಪನೀತಿಯ ಕಡೆಗೆ ಸಾಗುವಂಥದು. ಅದರ ಕಣ್ಣಮುಂದಿರುವುದು ಗಂಡುಮಗು. ಕೊಡದಲ್ಲಿರುವ ಸಾವಿರದೆಂಟು ನಾಮಗಳೂ ಪುಲ್ಲಿಂಗದವು. ಶಾಸ್ತ್ರದ ಗಮನ ಬೀಳದ ಕಡೆ ಮನೆಮಾತು ಹೆಚ್ಚು ಕಾಲ ಬಾಳಿತು. ಪಂಪನ, ರನ್ನನ, ಗಂಗರಾಜನ ಮನೆಗಳಲ್ಲಿ ತಾಯಂದಿರ ಹೆಸರುಗಳೇ ಹೆಚ್ಚು ಹಳೆಯ ಕನ್ನಡವನ್ನು ಹೊತ್ತಿರುವುದು ಆಕಸ್ಮಿಕವಲ್ಲ.

ಹೆಸರಿನಿಂದ ಮತವನ್ನು ಅಳೆದ ಕಾರಣಕ್ಕೆ ಕರ್ನಾಟಕ ಇತಿಹಾಸದಲ್ಲಿ ಹುಟ್ಟಿದ ಅತಿ ದೊಡ್ಡ ಗೊಂದಲ ಬಿಟ್ಟಿದೇವನದು. ಜೈನನಾಗಿದ್ದ ಬಿಟ್ಟಿದೇವನು ರಾಮಾನುಜರ ಪ್ರಭಾವದಿಂದ ಶ್ರೀವೈಷ್ಣವನಾಗಿ ವಿಷ್ಣುವರ್ಧನನೆಂಬ ಹೊಸ ಹೆಸರನ್ನು ತಳೆದನೆಂಬ ಕಥೆ ಶಾಲೆಯ ಪುಸ್ತಕಗಳಿಂದ ನಾಟಕಗಳವರೆಗೆ ಹಬ್ಬಿದೆ. ಆದರೆ ‘ಬಿಟ್ಟಿ’ ಎಂಬುದೇ ವಿಷ್ಣು ಶಬ್ದದ ತದ್ಭವ. ಕೃಷ್ಣ ಕನ್ನರನಾದಂತೆ, ಸೋಮ ಸೋವಿಯಾದಂತೆ, ವಿಷ್ಣು ಬಿಟ್ಟಿಯಾಗಿದ್ದಾನೆ. ಜಿನಭಕ್ತರೆಂದು ಪರಿಗಣಿತವಾದ ಮನೆಯಲ್ಲಿ ಕೂಸಿಗೆ ಇಟ್ಟ ಹೆಸರೇ ವಿಷ್ಣುವಿನದು! ಬದಲಾದುದು ಭಾಷೆಯ ಉಡುಗೆಯೇ ಹೊರತು ಹೆಸರಲ್ಲ. ಅರಸನ ಒಲವು ಕಾಲಕಾಲಕ್ಕೆ ಯಾವ ಕಡೆಗಿತ್ತೆಂಬುದನ್ನು ಅವನ ದಾನಗಳಿಂದ, ದೇವಾಲಯಗಳಿಂದ ಚರ್ಚಿಸಬೇಕು. ಹೆಸರನ್ನು ಸಾಕ್ಷಿಯ ಕಟ್ಟೆಗೆ ಕರೆಯುವಂತಿಲ್ಲ.

ಅವನ ರಾಣಿ ಶಾಂತಲೆಯ ತವರುಮನೆಯೂ ಇದೇ ಮಾತನ್ನು ಹೇಳುತ್ತದೆ. ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು. ಮಾರಸಿಂಗನೆಂಬ ಹೆಸರನ್ನೇ ಹೊತ್ತ ಗಂಗ ದೊರೆ ಮಾರಸಿಂಹನು 974ರಲ್ಲಿ ಬಂಕಾಪುರದಲ್ಲಿ ಅಜಿತಸೇನ ಮುನಿಗಳ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡವನು. ಮಾರ ಎಂದರೆ ಮನ್ಮಥ. ಉಪವಾಸದಿಂದ ಮುಡಿಪಿದವನ ಹೆಸರಿನಲ್ಲಿ ಮನ್ಮಥನಿರುವುದು ಆ ಕಾಲದವರಿಗೆ ವಿಚಿತ್ರವಾಗಿ ಕಾಣಲಿಲ್ಲ. ‘ಯಶೋಧರ ಚರಿತೆ’ಯನ್ನು 1209ರಲ್ಲಿ ರಚಿಸಿದ ಜೈನಕವಿ ಜನ್ನನ ತಂದೆ ಸುಮನೋಬಾಣನ ನಿಜನಾಮ ಶಂಕರ. ಅದೇ ಬಳಗಕ್ಕೆ ಸೇರಿದ ‘ಸೂಕ್ತಿಸುಧಾರ್ಣವ’ದ ಸಂಕಲನಕಾರ ಮಲ್ಲಿಕಾರ್ಜುನ; ಅವನ ಮಗ ‘ಶಬ್ದಮಣಿದರ್ಪಣ’ದ ಕೇಶಿರಾಜ. ಶಂಕರ, ಮಲ್ಲಿಕಾರ್ಜುನ, ಕೇಶವ! 1604ರಲ್ಲಿ ವೇಣೂರಿನಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಅಜಿಲ ಅರಸನ ಹೆಸರು ತಿಮ್ಮರಾಜ. ತಿರುಮಲೆಯ ತಿಮ್ಮನೇ ಅವನು.

ಇಂಥ ಹೆಸರುಗಳನ್ನು ಕಂಡಾಗ ‘ಮತಾಂತರದ ಕುರುಹು’ ಎಂದೋ ‘ವೈದಿಕ ಪ್ರಭಾವ’ ಎಂದೋ ಬರೆಯುವುದು ರೂಢಿಯಾಗಿದೆ. ಸಹಸ್ರನಾಮವನ್ನು ತೆರೆದು ನೋಡಿದರೆ ಈ ಆತುರ ಕಡಿಮೆಯಾದೀತು. ಜಿನಸೇನರ ಪಟ್ಟಿಯಲ್ಲಿ ಸ್ವಯಂಭೂ ಇದೆ, ಶಂಭು ಇದೆ, ತ್ರಿಲೋಚನ ಇದೆ. ಮಾನತುಂಗರ ‘ಭಕ್ತಾಮರ ಸ್ತೋತ್ರ’ವು ಜಿನನನ್ನೇ ಬುದ್ಧ, ಶಂಕರ, ಪುರುಷೋತ್ತಮ ಎಂದು ಸಂಬೋಧಿಸುತ್ತದೆ. ಆಯಾ ಗುಣವುಳ್ಳವನಿಗೆ ಆಯಾ ನಾಮ ಸಲ್ಲುತ್ತದೆಂಬುದು ಅದರ ಹಿಂದಿನ ತರ್ಕ. ಶ್ರಾವಕನೊಬ್ಬ ಮಗನಿಗೆ ಶಂಕರನೆಂದು ಹೆಸರಿಟ್ಟರೆ ಅದು ನೆರೆಮನೆಯಿಂದ ತಂದ ಕಡವೇ ಆಗಬೇಕಾಗಿಲ್ಲ. ಅವನದೇ ಕೊಡದಲ್ಲಿಯೂ ಇರಬಹುದು.

ವ್ಯಕ್ತಿಯ ಹೆಸರು ದೇವರ ಹೆಸರಾದ ಪ್ರಸಂಗವೂ ಈ ನಾಡಿನಲ್ಲಿದೆ. ಬಾಹುಬಲಿಗೆ ಗೊಮ್ಮಟನೆಂಬ ಹೆಸರು ಪ್ರಾಚೀನ ಪುರಾಣಗಳಲ್ಲಿ ಇಲ್ಲ. ಮನ್ಮಥ ಶಬ್ದವೇ ಗೊಮ್ಮಟವಾಯಿತೆಂಬುದು ಮಂಜೇಶ್ವರದ ಗೋವಿಂದ ಪೈಗಳ ವಾದ. ಬಾಹುಬಲಿ ಕಾಮದೇವನೆಂಬ ಪರಂಪರೆ ಅದಕ್ಕೆ ಆಧಾರ. ಸದಲಗಾದಲ್ಲಿ ಹುಟ್ಟಿದ ವಿದ್ವಾಂಸ ಡಾ. ಆ. ನೇ. ಉಪಾಧ್ಯೆಯವರು ಇದನ್ನು ಒಪ್ಪಲಿಲ್ಲ. ಗೊಮ್ಮಟ ಎಂಬುದು ಚಾವುಂಡರಾಯನ ಮನೆಯ ಕರೆಹೆಸರು, ಚೆಲುವ ಎಂಬರ್ಥದ ದೇಶ್ಯ ಶಬ್ದ. ಅವನ ದೇವರಾದ್ದರಿಂದ ಮೂರ್ತಿ ಗೊಮ್ಮಟೇಶ್ವರನಾಯಿತು ಎಂದು ಅವರು ಪ್ರತಿಪಾದಿಸಿದರು. ಅವನ ಗುರು ನೇಮಿಚಂದ್ರರ ಗ್ರಂಥ ‘ಗೊಮ್ಮಟಸಾರ’ವೆಂದೇ ಹೆಸರಾಗಿರುವುದು ಈ ವಾದಕ್ಕೆ ಬಲ ಕೊಡುತ್ತದೆ. ಉಪಾಧ್ಯೆಯವರ ವಾದವೇ ಹೆಚ್ಚು ಒಪ್ಪುವಂತಿದೆ. ತಾಯಿ ಕಾಳಲದೇವಿ ಮಗನನ್ನು ಮುದ್ದಿಗೆ ಕರೆದ ಹೆಸರು ಬೆಟ್ಟದ ಮೇಲಿನ ಮೂರ್ತಿಗೆ ಸಂದು, ಮುಂದೆ ಆ ದೇವರಿಂದ ಮತ್ತೆ ಗುಮ್ಮಣ್ಣ, ಗುಮ್ಮಟಣ್ಣರಾಗಿ ತೊಟ್ಟಿಲಿಗೆ ಇಳಿದುಬಂದಿತು. ಅಂದಹಾಗೆ ಉಪಾಧ್ಯೆಯವರ ಹೆಸರು ಆದಿನಾಥ, ತಂದೆಯ ಹೆಸರು ನೇಮಿನಾಥ. ಮೊದಲ ತೀರ್ಥಂಕರನು ಇಪ್ಪತ್ತೆರಡನೆಯವನ ಮಗನಾಗಿರುವುದು ಹೆಸರುಗಳ ಲೋಕದಲ್ಲಿ ಮಾತ್ರ ಸಾಧ್ಯ.

ತೀರ್ಥಂಕರರ ಹೆಸರುಗಳ ಬಗೆಗೂ ಪರಂಪರೆ ಬರಿಯ ಶಬ್ದಾರ್ಥವನ್ನು ಕೊಟ್ಟು ಸುಮ್ಮನಾಗುವುದಿಲ್ಲ. ಮಹಾವೀರನಿಗೆ ಐದು ಹೆಸರುಗಳು: ವೀರ, ವರ್ಧಮಾನ, ಸನ್ಮತಿ, ಅತಿವೀರ, ಮಹಾವೀರ. ಸಂಜಯ, ವಿಜಯರೆಂಬ ಇಬ್ಬರು ಚಾರಣ ಮುನಿಗಳ ಸಂಶಯ ಕೂಸನ್ನು ಕಂಡೊಡನೆ ನೀಗಿದ್ದರಿಂದ ಅವರು ಸನ್ಮತಿಯೆಂದರು. ಹಾವಿನ ರೂಪದಲ್ಲಿ ಬಂದ ದೇವನಿಗೆ ಹುಡುಗ ಅಂಜದಿದ್ದುದರಿಂದ ಮಹಾವೀರನೆಂದಾಯಿತು. ಒಂದೊಂದು ಹೆಸರಿಗೂ ಕೊಟ್ಟವರಿದ್ದಾರೆ, ಕೊಟ್ಟ ಗಳಿಗೆಯಿದೆ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹನ್ನೆರಡನೆಯದೋ ಹದಿಮೂರನೆಯದೋ ದಿನ ತೊಟ್ಟಿಲು ಕಟ್ಟಿ, ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುತ್ತಾಳೆ; ಸುತ್ತಲಿನ ಹೆಂಗಸರು ನಗುತ್ತ ಆಕೆಯ ಬೆನ್ನಿಗೆ ಗುದ್ದುತ್ತಾರೆ. ಜಿನಸೇನರ ಹನ್ನೆರಡು ದಿನಗಳ ಲೆಕ್ಕ ಇಲ್ಲಿ ಉಳಿದಿದೆ, ಕೊಡ ಇಲ್ಲ. ಈ ಅತ್ತೆಯಂದಿರ ಬಾಯಲ್ಲಿ ಪಾರ್ಶ್ವನು ಪಾರಿಸನಾಗಿ ಪಾಯಪ್ಪನಾದ, ಧರಣೇಂದ್ರನು ಧರಣಪ್ಪನಾದ, ಪದ್ಮಾವತಿ ಪದ್ಮವ್ವಳಾದಳು, ಜಕ್ಕಿಯಬ್ಬೆ ಜಕ್ಕವ್ವಳಾಗಿ ಸಾವಿರ ವರ್ಷ ಬಾಳಿದಳು. ನಮ್ಮ ಬಮ್ಮ ಎಲ್ಲಿ ಹೋದ? ಹಳೆಯ ತದ್ಭವ ಹಿಂದೆ ಸರಿದು, ಬ್ರಹ್ಮ ಶಬ್ದವು ಹೊಸದಾಗಿ ಒಡೆದುಕೊಂಡು ಭರಮ ಆಯಿತು. ಭರಮಪ್ಪ, ಭರಮಗೌಡ, ಭರಮವ್ವ ಈ ಸೀಮೆಯ ಜೈನರಲ್ಲಿಯೂ ಲಿಂಗಾಯತರಲ್ಲಿಯೂ ಕುರುಬರಲ್ಲಿಯೂ ಇದ್ದಾರೆ; ಚಿತ್ರದುರ್ಗದ ಪಾಳೆಯಗಾರರಲ್ಲಿ ಭರಮಣ್ಣ ನಾಯಕನಿದ್ದ. ಒಂದೇ ಶಬ್ದ ಎರಡು ಬಾರಿ ಕನ್ನಡವಾದ ಈ ಪರಿ ಭಾಷಾವಿಜ್ಞಾನದ ತರಗತಿಗೆ ಒಳ್ಳೆಯ ಉದಾಹರಣೆ.

ಇಂಥ ಹೆಸರುಗಳಿಗೆ ನಾಚುವ ಪ್ರವೃತ್ತಿ ಇಂದಿನದೆಂದು ತಿಳಿಯಬಾರದು. ಮುಳಗುಂದದ 902ರ ಸಂಸ್ಕೃತ ಶಾಸನದಲ್ಲಿ ಜಿನಾಲಯ ಕಟ್ಟಿಸಿದ ವೈಶ್ಯನ ಹೆಸರು ಚಿಕಾರ್ಯ. ತಂದೆ ಚಂದ್ರಾರ್ಯ, ಮಗ ನಾಗಾರ್ಯ. ಸಂತೆಯಲ್ಲಿ ಅವರನ್ನು ಚಿಕಯ್ಯ, ಚಂದಯ್ಯ, ನಾಗಯ್ಯ ಎಂದೇ ಕರೆಯುತ್ತಿದ್ದಿರಬೇಕು. ಶಾಸನಕವಿ ಅಯ್ಯನನ್ನು ಆರ್ಯನಾಗಿಸಿದ್ದಾನೆ. ಅದೇ ಕೆಲಸವನ್ನು ಕಳೆದ ಶತಮಾನದಲ್ಲಿ ಶಾಲೆಯ ಹಾಜರಿಪಟ್ಟಿ ಮಾಡಿತು. ಪಾಯಪ್ಪನು ಪಾರ್ಶ್ವನಾಥನಾದ, ಭರಮಪ್ಪ ಬ್ರಹ್ಮಾನಂದನಾದ, ಜಕ್ಕವ್ವನ ಮೊಮ್ಮಗಳು ಜಯಶ್ರೀಯಾದಳು. ಈಗಿನ ಮಕ್ಕಳ ಹೆಸರಿನ ಪುಸ್ತಕಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಪ್ರತಿ ಹೆಸರಿನ ಎದುರು ಒಂದು ಶಬ್ದದ ಅರ್ಥ ಬರೆಯುತ್ತವೆ. ವೃಷಭ ಎಂದರೆ ‘ಎತ್ತು’, ಇಲ್ಲವೇ ‘ಶ್ರೇಷ್ಠ’. ವೃಷ ಎಂದರೆ ಧರ್ಮ, ಅದರಿಂದ ಬೆಳಗುವವನು ವೃಷಭನೆಂದು ‘ಆದಿಪುರಾಣ’ ಹೇಳುವ ಮಾತಿಗೆ ಆ ಅಂಕಣದಲ್ಲಿ ಜಾಗವಿಲ್ಲ. ಜಕ್ಕವ್ವ, ಭರಮವ್ವರಂತೂ ಪಟ್ಟಿಯಲ್ಲೇ ಇಲ್ಲ.

ಧಾರವಾಡದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರು ‘ಕನ್ನಡ ನಾಮವಿಜ್ಞಾನ’ದ ಮೂಲಕ ಊರು ಮತ್ತು ವ್ಯಕ್ತಿಗಳ ಹೆಸರುಗಳನ್ನು ಶಾಸ್ತ್ರವಾಗಿ ನೋಡುವ ದಾರಿಯನ್ನು ತೋರಿದರು. ಆ ದಾರಿಯಲ್ಲಿ ಮಾಡಬೇಕಾದ ಕೆಲಸ ಬಹಳವಿದೆ. ಕಲಘಟಗಿ, ಕುಂದಗೋಳ, ನವಲಗುಂದ, ಅಣ್ಣಿಗೇರಿ ತಾಲ್ಲೂಕುಗಳ ಹಳೆಯ ಶಾಲೆಗಳಲ್ಲಿ ಮುಂಬಯಿ ಸರಕಾರದ ಕಾಲದ ದಾಖಲಾತಿ ಪುಸ್ತಕಗಳು ಉಳಿದಿದ್ದರೆ ಅವು ಗೆದ್ದಲು ಹಿಡಿಯುವ ಮೊದಲು ಮಗು, ತಂದೆ, ಅಜ್ಜ ಎಂಬ ಮೂರು ತಲೆಮಾರುಗಳ ಹೆಸರುಗಳನ್ನು ಪ್ರತಿ ಮಾಡಿಕೊಳ್ಳಬೇಕು. ತಾಯಂದಿರ ಹೆಸರಿಗೆ ಅಂಥ ಪುಸ್ತಕಗಳಲ್ಲಿ ಅಂಕಣವೇ ಇಲ್ಲದ್ದರಿಂದ ಅವನ್ನು ಮನೆಮನೆಗೆ ಹೋಗಿ ಅಜ್ಜಿಯರಿಂದ ಕೇಳಿ ಬರೆದುಕೊಳ್ಳಬೇಕು. ಕ್ಷೇತ್ರಕಾರ್ಯಕ್ಕೆ ಹೊರಟ ವಿದ್ಯಾರ್ಥಿಯು ಹೆಸರಿನ ಅರ್ಥವನ್ನು ಕೇಳುವ ಮೊದಲು ಅದನ್ನು ಇಟ್ಟವರು ಯಾರು, ಅದಕ್ಕೂ ಮೊದಲು ಆ ಹೆಸರು ಮನೆಯಲ್ಲಿ ಯಾರಿಗಿತ್ತು ಎಂಬೆರಡು ಪ್ರಶ್ನೆಗಳನ್ನು ಕೇಳಿದರೆ ಉತ್ತರಗಳು ತಾವಾಗಿಯೇ ಬರುತ್ತವೆ. ಅತ್ತಿಮಬ್ಬೆಯ ಹೆಸರಿನಲ್ಲಿ ಇಂದು ಕರ್ನಾಟಕ ಸರಕಾರದ ಪ್ರಶಸ್ತಿಯಿದೆ. ಆ ಹೆಸರಿನ ಹೆಣ್ಣುಕೂಸು ಲಕ್ಕುಂಡಿಯಿಂದ ಬಮ್ಮಿಗಟ್ಟಿಯವರೆಗಿನ ಯಾವ ತೊಟ್ಟಿಲಿನಲ್ಲಿ ಕೊನೆಯದಾಗಿ ಮಲಗಿತ್ತೆಂಬುದು ಆ ಅಜ್ಜಿಯರನ್ನೇ ಕೇಳಬೇಕಾದ ಮಾತು.